ಶುಂಠಿ ಬಿಯರ್ ಹುದುಗುವುದು ನಿಂತರೆ ಎಲ್ಲಿ ನೋಡಬೇಕು?

ಜಾಡಿಯಲ್ಲಿ ಗುಳ್ಳೆ ಕಾಣದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಸಕ್ಕರೆ ಡಬ್ಬಕ್ಕೆ. ಆಮೇಲೆ ಈಸ್ಟ್ ಪೊಟ್ಟಣಕ್ಕೆ. ಎರಡನ್ನೂ ಸ್ವಲ್ಪ ಹೊತ್ತು ಅಲ್ಲೇ ಬಿಡಿ. ನಿಂತಿದೆ ಅಂತ ಅನಿಸುವ ಶುಂಠಿ ಬಿಯರ್‌ನಲ್ಲಿ ಸಕ್ಕರೆಗೆ ಕೊರತೆ ಇರುವುದು ತೀರಾ ಅಪರೂಪ. ಹೆಚ್ಚಿನ ಸಲ ಅದು ನಿಂತೇ ಇರುವುದಿಲ್ಲ. ಚಳಿಗೆ ನಿಧಾನ ಆಗಿರುತ್ತದೆ, ಇಲ್ಲವೇ ಗ್ಯಾಸ್ ಮುಚ್ಚಳದ ಸಂದಿಯಿಂದ ಹೋಗುತ್ತಿರುತ್ತದೆ. ಅಂಥದ್ದಕ್ಕೆ ಇನ್ನಷ್ಟು ಸಕ್ಕರೆ ಸುರಿದು ಬಾಟಲಿಗೆ ಹಾಕಿ ಮರೆತರೆ, ಡಿಸೆಂಬರಿನಲ್ಲಿ ಸುಮ್ಮನಿದ್ದದ್ದು ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಸಿಡಿಯುತ್ತದೆ.

ನಮ್ಮ ಹಾಸನ ಜಿಲ್ಲೆಯ ಆಲೂರು, ಅರಕಲಗೂಡು, ಸಕಲೇಶಪುರ, ಬೇಲೂರು ಕಡೆ ಶುಂಠಿಗೆ ಬರವಿಲ್ಲ. 60 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುವವರು ರೇಟು ಬಿದ್ದ ವರ್ಷ ಪಕ್ಕದ ಮನೆಗೆ ಒಂದು ಬುಟ್ಟಿ ಸುಮ್ನೆ ಕೊಟ್ಟು ಹೋಗುತ್ತಾರೆ. ತಂಬುಳಿ, ಚಟ್ನಿ, ಕಷಾಯ ಎಲ್ಲ ಆದ ಮೇಲೂ ಶುಂಠಿ ಉಳಿಯುತ್ತದೆ. ಹಾಗೆ ಈ ಕೆಲಸಕ್ಕೆ ಕೈ ಹಾಕಿ, ಮೂರನೇ ದಿನಕ್ಕೆ ಜಾಡಿ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿರುವವರಿಗೆ ಈ ಬರಹ.

ಅಳತೆ ಒಂದೇ ಇರಲಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಒಂದು ಲೀಟರ್ ಕಷಾಯಕ್ಕೆ 100 ಗ್ರಾಂ ಸಕ್ಕರೆ, ಜಜ್ಜಿ ಕುದಿಸಿದ 50ರಿಂದ 60 ಗ್ರಾಂ ಶುಂಠಿ, ಎರಡು ನಿಂಬೆಹಣ್ಣಿನ ರಸ. ಕುದಿಸಿ, ಆರಿಸಿ, ಸೋಸಿ, ಅದಕ್ಕೆ ಕಾಲು ಲೋಟ ಶುಂಠಿ ಹೆಪ್ಪು. ಹೆಪ್ಪು ಅಂದರೆ ಸಿಪ್ಪೆ ಸಮೇತ ತುರಿದ ಹಸಿ ಶುಂಠಿ, ಸಕ್ಕರೆ, ನೀರು ಕಲಸಿ, ದಿನಕ್ಕೊಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕುತ್ತಾ ಗುಳ್ಳೆ ಬರಿಸಿದ್ದು. ಕೆಲವರು ಹೆಪ್ಪಿನ ಬದಲು ಬ್ರೆಡ್ಡಿಗೆ ಹಾಕುವ ಒಣ ಈಸ್ಟ್ ಒಂದು ಚಿಟಿಕೆ ಹಾಕುತ್ತಾರೆ, ಅದೂ ಆಗುತ್ತದೆ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ದಿನ. ಆಮೇಲೆ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಒಂದೆರಡು ದಿನ. ಬಾಟಲಿ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ.

ಇದರಲ್ಲಿ ಸ್ವಲ್ಪ ಮದ್ಯದ ಅಂಶ ಹುಟ್ಟಿಯೇ ಹುಟ್ಟುತ್ತದೆ. ಸೋಡಾ ಮಟ್ಟದಲ್ಲಿ ನಿಲ್ಲಿಸಿದರೆ ಶೇಕಡ ಒಂದರ ಆಸುಪಾಸು, ಬಿಟ್ಟಷ್ಟೂ ಜಾಸ್ತಿ. ಮಕ್ಕಳಿಗೂ ಬಸುರಿಯರಿಗೂ ಕೊಡುವ ಪಾನೀಯ ಇದಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ನಿಂತ ಜಾಡಿಯನ್ನು ಎಬ್ಬಿಸುವ ನೆಪದಲ್ಲಿ ಸಕ್ಕರೆ, ಈಸ್ಟ್ ಏರಿಸುತ್ತಾ ಹೋಗುವುದಕ್ಕೆ ಈ ಬರಹದಲ್ಲಿ ಜಾಗ ಇಲ್ಲ.

ನಿಜವಾಗಿಯೂ ನಿಂತಿದೆಯಾ?

ಗುಳ್ಳೆಯನ್ನು ನಂಬಬೇಡಿ. ಬಟ್ಟೆ ಕಟ್ಟಿದ ಅಗಲ ಬಾಯಿಯ ಜಾಡಿಯಲ್ಲಿ ಗ್ಯಾಸ್ ಸದ್ದಿಲ್ಲದೆ ಹೋಗುತ್ತಿರುತ್ತದೆ, ಮೇಲೆ ನೊರೆ ನಿಲ್ಲುವುದೇ ಇಲ್ಲ. ಬಾರ್ಲಿಯಿಂದ ಮಾಡುವ ಬಿಯರ್‌ನಲ್ಲಿ ಕಾಳಿನ ಪ್ರೋಟೀನು ಇರುವುದರಿಂದ ದಪ್ಪ ನೊರೆ ಕಟ್ಟುತ್ತದೆ. ಸಕ್ಕರೆ ನೀರಿನಲ್ಲಿ ಅದನ್ನು ನಿರೀಕ್ಷಿಸಿದರೆ ಹೇಗೆ, ಅಲ್ವಾ?

ಬಿಯರ್ ಮಾಡುವವರು ಹೈಡ್ರೋಮೀಟರ್ ಇಟ್ಟುಕೊಂಡಿರುತ್ತಾರೆ. ದ್ರವದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಅದು ಮೇಲೆ ತೇಲುತ್ತದೆ, ಈಸ್ಟ್ ಸಕ್ಕರೆ ತಿಂದಷ್ಟೂ ಕೆಳಗಿಳಿಯುತ್ತದೆ. ಹಾಸನದಲ್ಲಿ ಅದನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಲ್ಯಾಕ್ಟೋಮೀಟರ್ ಇರುತ್ತದಲ್ಲ, ಅದೂ ಅಳೆಯುವುದು ಇದನ್ನೇ. ಅದರಲ್ಲಿ 28 ಅಂದರೆ ಸಾಂದ್ರತೆ 1.028 ಅಂತ ಅರ್ಥ. ಅಂಕಿ ಇರುವ ಲ್ಯಾಕ್ಟೋಮೀಟರ್ ಬೇಕು. ಬರೀ ನೀರು, ಹಾಲು ಅಂತ ಗೆರೆ ಎಳೆದಿರುವುದು ಉಪಯೋಗಕ್ಕೆ ಬರುವುದಿಲ್ಲ.

ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿದ ಕಷಾಯ ಮೊದಲ ದಿನ 38ರ ಹತ್ತಿರ ತೋರಿಸಬೇಕು. 40ರ ಗೆರೆಯೂ ನೀರಿನ ಮೇಲೇ ನಿಂತುಬಿಟ್ಟರೆ ಸಕ್ಕರೆ ಜಾಸ್ತಿಯಾಗಿದೆ ಅಂತ ಆಗಲೇ ಗೊತ್ತಾಗುತ್ತದೆ. ಆಗ ಸಮಪಾಲು ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಅಳೆಯುವಾಗ ಎರಡು ಎಚ್ಚರ. ಕೊಳವೆಗೆ ಗುಳ್ಳೆ ಅಂಟಿಕೊಂಡರೆ ಅದು ಮೇಲೆದ್ದು ಸುಳ್ಳು ಅಂಕಿ ತೋರಿಸುತ್ತದೆ. ಕಷಾಯವನ್ನು ಎರಡು ಲೋಟಗಳ ನಡುವೆ ನಾಲ್ಕಾರು ಸಲ ಎತ್ತಿ ಸುರಿದು ಗ್ಯಾಸ್ ಹೋಗಿಸಿ, ಕೊಳವೆಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಟ್ಟು, ಅದು ನಿಂತ ಮೇಲೆ ಓದಿ. ಇನ್ನೊಂದು, ಬಿಸಿಯ ವ್ಯತ್ಯಾಸ. ಬೆಳಗಿನ ಚಳಿಯಲ್ಲಿ ಒಂದು ದಿನ, ಮಧ್ಯಾಹ್ನದ ಸೆಕೆಯಲ್ಲಿ ಇನ್ನೊಂದು ದಿನ ಅಳೆದು ಹೋಲಿಸಬೇಡಿ. ನಮಗೆ ಬೇಕಿರುವುದು ಕರಾರುವಾಕ್ಕು ಅಂಕಿಯಲ್ಲ, ನಿನ್ನೆಗಿಂತ ಇಳಿದಿದೆಯಾ ಇಲ್ಲವಾ ಅನ್ನುವುದು. ಅಳೆಯಲು ತೆಗೆದದ್ದನ್ನು ಕುಡಿದುಬಿಡಿ, ಜಾಡಿಗೆ ವಾಪಸ್ ಸುರಿಯಬೇಡಿ.

38 ಇದ್ದದ್ದು ಎರಡು ದಿನದಲ್ಲಿ 34ಕ್ಕೆ ಬಂದಿದ್ದರೆ ಸಂಸಾರ ಸರಿಯಾಗಿ ನಡೆಯುತ್ತಿದೆ. ಸುಮಾರು ಅರ್ಧ ಶೇಕಡ ಮದ್ಯ ಹುಟ್ಟಿದೆ, ಗ್ಯಾಸೂ ಹುಟ್ಟಿದೆ, ಬಾಟಲಿಗೆ ಹಾಕಬಹುದು. ಎರಡು ದಿನ ಒಂದೇ ಬಿಸಿಯಲ್ಲಿ ಇಟ್ಟು, 24 ಗಂಟೆ ಬಿಟ್ಟು ಎರಡು ಸಲ ಅಳೆದರೂ ಅಂಕಿ ಅಲ್ಲಾಡದಿದ್ದರೆ ಮಾತ್ರ ನಿಂತಿದೆ ಅನ್ನಿ.

ಲ್ಯಾಕ್ಟೋಮೀಟರ್ ಇಲ್ಲದಿದ್ದರೆ ನಾಲಿಗೆ ಇದೆ. ಮೊದಲ ದಿನ ಒಂದು ಸಣ್ಣ ಶೀಸೆ ಕಷಾಯ ಹೆಪ್ಪು ಹಾಕುವ ಮುಂಚೆಯೇ ಎತ್ತಿ ಫ್ರೀಜರ್‌ನಲ್ಲಿಡಿ. ಅನುಮಾನ ಬಂದ ದಿನ ಕರಗಿಸಿ, ಎರಡನ್ನೂ ಪಕ್ಕಪಕ್ಕ ರುಚಿ ನೋಡಿ. ಜಾಡಿಯದು ಕಡಿಮೆ ಸಿಹಿ, ನಾಲಿಗೆಗೆ ಚುರುಕು ಅನಿಸಿದರೆ ಕೆಲಸ ನಡೆದಿದೆ.

ಹೆಪ್ಪೇ ಏಳದಿದ್ದರೆ

25ರಿಂದ 28 ಡಿಗ್ರಿ ಇರುವ ಅಡುಗೆಮನೆಯಲ್ಲಿ ಹೆಪ್ಪು ಮೂರರಿಂದ ಐದು ದಿನಕ್ಕೆ ಏಳುತ್ತದೆ. ಕಲಕಿದರೆ ಬುಸ್ ಅನ್ನಬೇಕು, ತುರಿ ಮೇಲಕ್ಕೆ ತೇಲಬೇಕು. ಚಳಿಗಾಲದಲ್ಲಿ ವಾರ, ಹತ್ತು ದಿನ ಹಿಡಿದರೂ ಗಾಬರಿ ಬೇಡ. ಅದಕ್ಕೂ ಮೀರಿದರೆ ಮೊದಲು ಕೇಳಬೇಕಾದದ್ದು: ಆ ಶುಂಠಿ ಎಲ್ಲಿಂದ ಬಂತು?

ಏಪ್ರಿಲ್, ಮೇನಲ್ಲಿ ಈ ಪ್ರಶ್ನೆ ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಅದು ನಾಟಿ ಕಾಲ. ಆಲೂರಿನ ಕಡೆ ಒಬ್ಬರ ಶೆಡ್ಡಿನಲ್ಲಿ ದಪ್ಪ ದಪ್ಪ ರಿಗೋಡಿ ತಳಿಯ ಶುಂಠಿ ರಾಶಿ ಬಿದ್ದಿತ್ತು. ಎರಡು ಗೆಡ್ಡೆ ಕೈಗೆತ್ತಿಕೊಂಡೆ ಅಷ್ಟೇ, ಅವರು ಓಡಿ ಬಂದರು. “ಅಣ್ಣ, ಅದು ಬಿತ್ನೆಗೆ ಇಟ್ಟಿರೋದು ಕಣಣ್ಣ. ಔಷಧಿಲಿ ಅದ್ದಿದೀವಿ. ಮನೆಗೆ ಬೇರೆ ಕೊಡ್ತೀನಿ ಬನ್ನಿ.” ಗೆಡ್ಡೆ ಮೇಲೆ ಹಳದಿ ಪುಡಿ ಒಣಗಿ ಕೂತಿತ್ತು, ಕಣ್ಣುಗಳ ಸಂದಿಯಲ್ಲಿ ಇನ್ನೂ ಜಾಸ್ತಿ. ಕೊಳೆ ರೋಗಕ್ಕೆ ಹೆದರಿ ಬಿತ್ತನೆ ಗೆಡ್ಡೆಯನ್ನು ಮ್ಯಾಂಕೋಜೆಬ್ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸುವುದು ಮಾಮೂಲಿ. ಅದು ಶಿಲೀಂಧ್ರ ಕೊಲ್ಲುವ ಔಷಧಿ. ಈಸ್ಟ್ ಕೂಡ ಶಿಲೀಂಧ್ರವೇ. ಅಂಥ ಗೆಡ್ಡೆಯಲ್ಲಿ ಹೆಪ್ಪು ಏಳದಿದ್ದರೆ ಆಶ್ಚರ್ಯ ಇಲ್ಲ, ಎದ್ದರೂ ಕುಡಿಯುವ ಹಾಗಿಲ್ಲ. ತೊಳೆದರೆ ಹೋಗುತ್ತದೆ ಅಂತ ವಾದ ಮಾಡುವವರಿದ್ದಾರೆ. ಬೇಡ, ಇಡೀ ಹೆಪ್ಪನ್ನು ಚೆಲ್ಲಿ. ನಾಟಿ ಮುಗಿದು ಮಿಕ್ಕ ಗೆಡ್ಡೆ ಸಂತೆಗೂ ಬರಬಹುದು, ಹಾಗಾಗಿ ಆ ತಿಂಗಳುಗಳಲ್ಲಿ ಕೇಳಿ ತಗೊಳ್ಳಿ.

ಶುಂಠಿ ಸರಿಯಿದ್ದರೆ ಸಿಪ್ಪೆ ನೋಡಿ. ನಮಗೆ ಬೇಕಾದ ಕಾಡು ಈಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾ ಸಿಪ್ಪೆಯ ಮೇಲಿರುತ್ತವೆ. ಚೊಕ್ಕವಾಗಿರಲಿ ಅಂತ ಸಿಪ್ಪೆ ಹೆರೆದು, ಬಿಸಿನೀರಲ್ಲಿ ತೊಳೆದರೆ ಹೆಪ್ಪು ಏಳಲು ಕಾರಣವಾದದ್ದೇ ಚರಂಡಿ ಸೇರುತ್ತದೆ. ತಣ್ಣೀರಲ್ಲಿ ಮಣ್ಣು ಹೋಗುವಷ್ಟು ತೊಳೆದರೆ ಸಾಕು. ಒಣಶುಂಠಿ ಬೇಡ, ಪ್ಯಾಕೆಟ್ಟಿನ ಶುಂಠಿ ಪೇಸ್ಟಂತೂ ಬೇಡವೇ ಬೇಡ. ಪೇಸ್ಟಿನಲ್ಲಿ ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ, ಅದರ ಕೆಲಸವೇ ಈಸ್ಟನ್ನು ತಡೆಯುವುದು.

ಆಮೇಲೆ ನೀರು. ಹಾಸನ ಪೇಟೆಗೆ ಬರುವುದು ಹೇಮಾವತಿ ನೀರು, ಕ್ಲೋರಿನ್ ಹಾಕಿ ಬಿಡುತ್ತಾರೆ. ಹಳ್ಳಿಗಳಲ್ಲಿ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನ ನಲ್ಲಿ ತಿರುಗಿಸಿದರೆ ಮೂಗಿಗೇ ಹೊಡೆಯುತ್ತದೆ. ಆ ವಾಸನೆ ಇದ್ದರೆ ಹದಿನೈದು ನಿಮಿಷ ಕುದಿಸಿ ಆರಿಸಿ, ಅಥವಾ ಅಗಲ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ. ಬೋರ್‌ವೆಲ್ಲಿನ ಗಡಸು ನೀರು ರುಚಿ ಕೆಡಿಸೀತು, ಹೆಪ್ಪನ್ನು ಕೊಲ್ಲುವುದಿಲ್ಲ. ಬಾವಿ ನೀರಾದರೆ ಕುದಿಸಿಯೇ ಬಳಸಿ, ಅದು ನಿಮ್ಮ ಹೊಟ್ಟೆಯ ಸಲುವಾಗಿ.

ಶುಗರ್ ಇರುವವರ ಮನೆಯಲ್ಲಿ ಸಕ್ಕರೆಗೆ ಬದಲು ಸ್ಟೀವಿಯಾ, ಶುಗರ್ ಫ್ರೀ ಹನಿ ಹಾಕಿ ನೋಡುತ್ತಾರೆ. ನಾಲಿಗೆಗೆ ಸಿಹಿ, ಈಸ್ಟಿಗೆ ಉಪವಾಸ. ಅದರಿಂದ ಹೆಪ್ಪು ಏಳುವುದೇ ಇಲ್ಲ.

ಹೆಪ್ಪು ಎದ್ದಿದೆ, ಆದರೆ ಲೋಳೆಲೋಳೆಯಾಗಿ ಚಮಚದಿಂದ ದಾರದಂತೆ ಇಳಿಯುತ್ತಿದೆ ಅಂದರೆ? ಸಕ್ಕರೆಯಿಂದ ಲೋಳೆ ನೇಯುವ ಬ್ಯಾಕ್ಟೀರಿಯಾ ಮೇಲುಗೈ ಆಗಿದೆ. ವಿಷವೇನಲ್ಲ, ಆದರೆ ಗ್ಯಾಸ್ ಕಡಿಮೆ, ಬಾಯಿಗೆ ಹಿತ ಇಲ್ಲ. ಎರಡು ಚಮಚ ಮಾತ್ರ ಉಳಿಸಿಕೊಂಡು, ಹೊಸ ನೀರು, ಹೊಸ ತುರಿ, ಸಕ್ಕರೆ ಹಾಕಿ ಬೆಚ್ಚಗಿಡಿ. ಎರಡು ಸಲ ಹೀಗೆ ಮಾಡಿದರೂ ಲೋಳೆ ಹೋಗದಿದ್ದರೆ ಬೇರೆ ಶುಂಠಿಯಿಂದ ಹೊಸದಾಗಿ ಶುರು ಮಾಡಿ.

ಈಸ್ಟ್, ಬ್ಯಾಕ್ಟೀರಿಯಾ ಎರಡೂ ಕೂಡಿ ಬಾಳುವ ಈ ಸಂಸಾರವನ್ನು ಮೊದಲು ಬಿಡಿಸಿ ನೋಡಿದವನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ. ಇಂಗ್ಲೆಂಡಿನ ಮನೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ, ಅನ್ನದ ಅಗುಳಿನಂತೆ ಕಾಣುವ ಶುಂಠಿ ಬಿಯರ್ ಹೆಪ್ಪಿನ ಬಗ್ಗೆ ಅವನು 1892ರಲ್ಲಿ ಬರೆದ. ಅದಕ್ಕೂ ಮುಂಚೆ, 1880ರ ಸುಮಾರಿಗೆ, ಅವನು ಸಿಲೋನಿನಲ್ಲಿ ಕಾಫಿ ಎಲೆಯ ತುಕ್ಕು ರೋಗದ ಹಿಂದೆ ಬಿದ್ದಿದ್ದ. ಶುಂಠಿ, ಕಾಫಿ ಎರಡನ್ನೂ ಬೆಳೆಯುವ ನಮ್ಮ ಕಡೆಯವರಿಗೆ ಅವನು ದೂರದವನೇನಲ್ಲ.

ಹೆಪ್ಪು ಚೆನ್ನಾಗಿದೆ, ಜಾಡಿ ಮಾತ್ರ ಸುಮ್ಮನಿದೆ

ಹೆಪ್ಪು ಬುಸುಗುಟ್ಟುತ್ತಿತ್ತು, ಕಷಾಯಕ್ಕೆ ಹಾಕಿದ ಮೇಲೆ ಎರಡು ದಿನ ಏನೂ ಇಲ್ಲ. ಹೆಚ್ಚಿನ ಸಲ ಇದಕ್ಕೆ ಕಾರಣ ಬಿಸಿ. ಐದು ಲೀಟರ್ ಕಷಾಯದ ಪಾತ್ರೆ ಆರಲು ಗಂಟೆಗಟ್ಟಲೆ ಬೇಕು. ಪಾತ್ರೆಯ ಹೊರಮೈ ಮುಟ್ಟಿದರೆ ಉಗುರುಬೆಚ್ಚಗಿರುತ್ತದೆ, ನಡುವೆ ಇನ್ನೂ 50 ಡಿಗ್ರಿ ಇರಬಹುದು. ಅಲ್ಲಿಗೆ ಸುರಿದ ಈಸ್ಟ್ ಸತ್ತಂತೆಯೇ. ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಚೆನ್ನಾಗಿ ಕಲಕಿ, ಆಮೇಲೆ ಥರ್ಮಾಮೀಟರ್ ಇಟ್ಟು ನೋಡಿ. 30 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಹೆಪ್ಪು. ಆತುರ ಇದ್ದರೆ ಕಷಾಯವನ್ನು ಅರ್ಧ ನೀರಲ್ಲಿ ಗಟ್ಟಿಯಾಗಿ ಕುದಿಸಿ, ಕುದಿಸಿ ಆರಿಸಿಟ್ಟ ತಣ್ಣೀರನ್ನು ಮಿಕ್ಕರ್ಧ ಬೆರೆಸಿ. ಬಿಸಿಗೆ ಸತ್ತಿದ್ದರೆ ಪರಿಹಾರ ಸುಲಭ, ಕಷಾಯ ಕೆಟ್ಟಿಲ್ಲ. ಈಗ ತಣ್ಣಗಾಗಿದೆಯಲ್ಲ, ಅದೇ ದಿನ ಮತ್ತೆ ಹೆಪ್ಪು ಹಾಕಿ.

ಎರಡನೆಯದು ನಿಂಬೆ. ತೋಟದಲ್ಲಿ ಉದುರುತ್ತಿವೆ ಅಂತ ಲೀಟರಿಗೆ ಐದಾರು ಹಿಂಡಿದರೆ ಕಷಾಯದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3ಕ್ಕಿಂತ ಕೆಳಗಿಳಿಯುತ್ತದೆ, ಈಸ್ಟ್ ಕುಂಟುತ್ತದೆ. ಎರಡು ಸಾಕು. ಇನ್ನೂ ಹುಳಿ ಬೇಕಿದ್ದರೆ ಕುಡಿಯುವಾಗ ಲೋಟಕ್ಕೆ ಹಿಂಡಿ. ಬಾಟಲಿಯಲ್ಲಿ ಬರುವ ನಿಂಬೆ ರಸ, ಸ್ಕ್ವಾಶ್ ಹಾಕಿದ್ದರೆ ಅದರ ಲೇಬಲ್ ಓದಿ. ಐಎನ್‌ಎಸ್ 202, 211, 224 ಇವುಗಳಲ್ಲಿ ಯಾವ ಸಂಖ್ಯೆ ಇದ್ದರೂ ಅದು ಹುದುಗದಂತೆ ತಡೆಯಲು ಹಾಕಿದ್ದೇ. ಆ ಕಷಾಯವನ್ನು ಎಬ್ಬಿಸುವ ಗೋಜಿಗೆ ಹೋಗಬೇಡಿ. ಸೋಡಾ ಬೆರೆಸಿ ಶರಬತ್ತು ಅಂತ ಕುಡಿದುಬಿಡಿ.

ಬೆಲ್ಲ ಹಾಕುವವರು ಒಂದು ಗಮನಿಸಿ. ಬೆಲ್ಲದಲ್ಲಿ ಈಸ್ಟಿಗೆ ಬೇಕಾದ ಖನಿಜಗಳು ಸಕ್ಕರೆಗಿಂತ ಜಾಸ್ತಿ, ಹುದುಗುವುದು ಚುರುಕೇ ಆಗಬೇಕು. ಆದರೆ ಹಳದಿ ಬಣ್ಣ ಬರಲಿ ಅಂತ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲದಲ್ಲಿ ಗಂಧಕದ ಅಂಶ ಉಳಿದಿರುತ್ತದೆ. ಅದೊಂದೇ ಕಾರಣಕ್ಕೆ ಜಾಡಿ ನಿಲ್ಲುವುದು ಅಪರೂಪ. ಚಳಿಯೂ ಸೇರಿದರೆ ಇನ್ನಷ್ಟು ತಡವಾಗಬಹುದು. ಕಂದು ಬೆಲ್ಲ ನೋಡಿ ತಗೊಳ್ಳಿ.

ಒಣ ಈಸ್ಟ್ ಬಳಸಿದವರು ಅದು ಜೀವಂತ ಇದೆಯಾ ಅಂತ ಮೊದಲೇ ನೋಡಬೇಕು. ಸಣ್ಣ ಪೇಟೆಯ ಅಂಗಡಿಯಲ್ಲಿ ದೊಡ್ಡ ಡಬ್ಬಿಯಿಂದ ಬಿಡಿಯಾಗಿ ಕಟ್ಟಿಕೊಟ್ಟ ಈಸ್ಟ್ ಎಂದು ತೆರೆದದ್ದೋ ಯಾರಿಗೆ ಗೊತ್ತು. ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಅರ್ಧ ಚಮಚ ಈಸ್ಟ್. ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಕಂದು ನೊರೆಯ ಟೋಪಿ ಬರಬೇಕು. ಬರದಿದ್ದರೆ ಅದು ಬರೀ ಪುಡಿ. ಈಸ್ಟ್ ಕೇಳಿದರೆ ಬೇಕಿಂಗ್ ಪೌಡರ್ ಕೊಡುವ ಅಂಗಡಿಗಳೂ ಇವೆ. ಅದು ಹಾಕಿದ ಕ್ಷಣ ನಿಂಬೆ ರಸದ ಜೊತೆ ಬುಸ್ ಅಂತ ಉಕ್ಕಿ ಸುಮ್ಮನಾಗುತ್ತದೆ. “ಮೊದಲು ಚೆನ್ನಾಗಿ ಬಂತು, ಆಮೇಲೆ ನಿಂತುಹೋಯ್ತು” ಅನ್ನುವ ದೂರಿನ ಹಿಂದೆ ಇದೂ ಇರುತ್ತದೆ.

ಪಾತ್ರೆಯ ಬಗ್ಗೆ ಎರಡೇ ಮಾತು. ಗಾಜು ಅಥವಾ ಸ್ಟೀಲ್. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಹುಳಿಗೆ ಕರಗುತ್ತವೆ, ಬೇಡ.

ಅರ್ಧಕ್ಕೆ ನಿಂತದ್ದು

ಶುರುವಾಗಿ, 36ಕ್ಕೋ 35ಕ್ಕೋ ಇಳಿದು, ಅಲ್ಲೇ ನಿಂತರೆ ಮುಖ್ಯವಾಗಿ ಎರಡು ಅನುಮಾನ. ಚಳಿ ಒಂದು, ಪೋಷಣೆ ಇನ್ನೊಂದು.

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುವುದು ಮಾಮೂಲಿ. ಬ್ರೆಡ್ ಈಸ್ಟಿಗಾಗಲಿ ಕಾಡು ಈಸ್ಟಿಗಾಗಲಿ 18ಕ್ಕಿಂತ ಕೆಳಗೆ ಕೆಲಸ ಬೇಡ. ತಳಕ್ಕೆ ಇಳಿದು ಮಲಗುತ್ತವೆ. ದೋಸೆ ಹಿಟ್ಟು ಬೆಳಗ್ಗೆ ಉಬ್ಬದ ದಿನ ಶುಂಠಿ ಜಾಡಿಯನ್ನು ಬೈಯಬೇಡಿ, ಎರಡಕ್ಕೂ ಕಾರಣ ಒಂದೇ.

ಬೆಚ್ಚಗಿಡಲು ಮಲೆನಾಡಿನ ಮನೆಯಲ್ಲಿ ಎಲ್ಲರಿಗೂ ಹೊಳೆಯುವ ಜಾಗ ಬಚ್ಚಲುಮನೆ, ಹಂಡೆಯ ಪಕ್ಕ. ಅದು ಒಳ್ಳೆಯ ಜಾಗ ಅಲ್ಲ. ಬೆಳಗ್ಗೆ ಒಲೆ ಉರಿಯುವಾಗ ಜಾಡಿಯ ಒಂದು ಪಕ್ಕ ಮುಟ್ಟಲಾಗದಷ್ಟು ಕಾಯುತ್ತದೆ, ನಡುರಾತ್ರಿ ಕಲ್ಲಿನ ಗೋಡೆ ಐಸ್ ಆಗಿರುತ್ತದೆ. ಈಸ್ಟಿಗೆ ಬಿಸಿಯಷ್ಟೇ ಮುಖ್ಯ ಅದು ಏರಿಳಿಯದಿರುವುದು. ಥರ್ಮೋಕೋಲ್ ಡಬ್ಬ ಇದ್ದರೆ ಅದರೊಳಗೆ ಜಾಡಿ, ಜೊತೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಮೇಲೆ ಹಳೇ ಕಂಬಳಿ. ಬಿಸಿನೀರನ್ನು ಬೆಳಗ್ಗೆ, ಸಂಜೆ ಬದಲಿಸಿ. 24ರಿಂದ 26 ಡಿಗ್ರಿ ಸಿಕ್ಕರೆ ಸಾಕು. ಜಾಡಿಯನ್ನು ಬೆಚ್ಚಗೆ ಮಾಡಿ, ತಳದ ಗಷ್ಟು ಮೇಲೇಳುವಂತೆ ಶುಚಿಯಾದ ಚಮಚದಿಂದ ಮೆಲ್ಲಗೆ ಒಮ್ಮೆ ತಿರುಗಿಸಿ, ಒಂದು ಪೂರ್ತಿ ದಿನ ಬಿಟ್ಟುಬಿಡಿ. ಬೇರೆ ಯಾವ ಪ್ರಯೋಗಕ್ಕೂ ಮುಂಚೆ ಇದು. ನಿಂತ ಜಾಡಿಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಎದ್ದು ಕೂರುತ್ತವೆ.

ಏಳಲಿಲ್ಲ ಅಂದರೆ ಪೋಷಣೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಅಂದರೆ ಮಾಲ್ಟಿನಿಂದ, ಬಿಯರ್ ಮಾಡುವವರಿಗೆ ಈ ತೊಂದರೆ ಕಡಿಮೆ. ಕಾಳಿನಲ್ಲೇ ಈಸ್ಟ್ ಬೆಳೆಯಲು ಬೇಕಾದ ಸಾರಜನಕ, ವಿಟಮಿನ್ ಎಲ್ಲ ಇರುತ್ತದೆ. ಅವರ ಬಿಯರ್ ಅರ್ಧಕ್ಕೆ ನಿಲ್ಲಲು ಬೇರೆ ಕಾರಣವೂ ಇದೆ. ಮಾಲ್ಟ್ ನೆನೆಸುವಾಗ ಬಿಸಿ 70 ಡಿಗ್ರಿಯ ಹತ್ತಿರ ಏರಿದರೆ ಈಸ್ಟ್ ತಿನ್ನಲಾರದ ಸಕ್ಕರೆಗಳೇ ಜಾಸ್ತಿ ಹುಟ್ಟುತ್ತವೆ, ಎಷ್ಟು ಈಸ್ಟ್ ಹಾಕಿದರೂ ಅಂಕಿ ಇಳಿಯುವುದಿಲ್ಲ. ನಮ್ಮದು ತಿರುಗುಮುರುಗು. ಬಿಳಿ ಸಕ್ಕರೆಯನ್ನು ಈಸ್ಟ್ ಪೂರ್ತಿ ತಿನ್ನಬಲ್ಲದು, ಆದರೆ ಸಕ್ಕರೆ ನೀರಿನಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು. ಶುಂಠಿಯಿಂದ ಬರುವುದು ಅಲ್ಪ. ಈಸ್ಟ್ ಸೊರಗಿದಾಗ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಆ ವಾಸನೆ ಬಂತು ಅಂದರೆ ಕೆಟ್ಟಿತು ಅಂತ ಚೆಲ್ಲಬೇಡಿ, ಅದು ಹಸಿವಿನ ಕೂಗು.

ಇದಕ್ಕೆ ಅಂಗಡಿ ಔಷಧಿ ಬೇಕಿಲ್ಲ. ಅರ್ಧ ಚಮಚ ಬ್ರೆಡ್ ಈಸ್ಟನ್ನು ಅರ್ಧ ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ. ಹೌದು, ಕುದಿಸಿ ಸಾಯಿಸಿ. ಸತ್ತ ಈಸ್ಟ್ ಬದುಕಿರುವ ಈಸ್ಟಿಗೆ ಒಳ್ಳೆಯ ಊಟ. ಆರಿಸಿ ಐದು ಲೀಟರಿನ ಜಾಡಿಗೆ ಹಾಕಿ. ಒಣದ್ರಾಕ್ಷಿ ಹಾಕುವ ರೂಢಿ ಎಲ್ಲ ಕಡೆ ಇದೆ. ನನ್ನ ಪ್ರಕಾರ ಅದರಿಂದ ರುಚಿಗೆ ಲಾಭ, ಪೋಷಣೆ ಅಷ್ಟಕ್ಕಷ್ಟೇ. ಹಾಕುವುದಾದರೆ ಕಪ್ಪು ದ್ರಾಕ್ಷಿ ಹಾಕಿ. ಫಳಫಳ ಹೊಳೆಯುವ ಹಳದಿಯದಕ್ಕೆ ಬಣ್ಣ ಉಳಿಯಲು ಗಂಧಕದ ಹೊಗೆ ಕೊಟ್ಟಿರಬಹುದು.

ಬೆಚ್ಚಗೆ ಮಾಡಿದ್ದಾಯಿತು, ಊಟ ಕೊಟ್ಟಿದ್ದಾಯಿತು, ಅಂಕಿ ಇನ್ನೂ ಅಲ್ಲೇ ಇದೆ. ಈಗ ಮಾತ್ರ ಹೊಸ ಈಸ್ಟ್. ಒಣ ಈಸ್ಟನ್ನು ಸೀದಾ ಹುಳಿ ಕಷಾಯದ ಮೇಲೆ ಉದುರಿಸಿದರೆ ಅರ್ಧಕ್ಕರ್ಧ ಅಲ್ಲೇ ಸಾಯುತ್ತದೆ, ಅದನ್ನು ಒಗ್ಗಿಸಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಕಾಲು ಚಮಚ ಈಸ್ಟ್. ನೊರೆ ಬಂದ ಮೇಲೆ ನಿಂತ ಜಾಡಿಯಿಂದ ಅರ್ಧ ಲೋಟ ಕಷಾಯ ತೆಗೆದು ಬೆಚ್ಚಗೆ ಮಾಡಿ ಇದಕ್ಕೆ ಸೇರಿಸಿ. ಅರ್ಧ ಗಂಟೆ ಬಿಡಿ. ಮತ್ತೆ ನೊರೆ ಬಂದರೆ ಇನ್ನೊಂದು ಲೋಟ. ಹೀಗೆ ಜಾಡಿಯ ಹುಳಿಯನ್ನು ಅದು ಸಹಿಸುತ್ತದೆ ಅಂತ ಖಾತ್ರಿಯಾದ ಮೇಲೆ ಇಡೀ ಮಿಶ್ರಣವನ್ನು ಜಾಡಿಗೆ ಸುರಿಯಿರಿ. ಈ ಅಳತೆ ಐದು ಲೀಟರಿಗೆ. ಹೆಪ್ಪಿನಿಂದಲೂ ಇದೇ ರೀತಿ ಮಾಡಬಹುದು, ಸಮಯ ಜಾಸ್ತಿ ಹಿಡಿಯುತ್ತದೆ. ಮೊದಲ ದಿನ ಕಷಾಯವನ್ನು ಚೆನ್ನಾಗಿ ಅಲ್ಲಾಡಿಸಿ ಗಾಳಿ ಸೇರಿಸುವುದು ಒಳ್ಳೆಯದು, ಈಸ್ಟ್ ಬೆಳೆಯಲು ಬೇಕು. ನಾಲ್ಕನೇ ದಿನ ಹಾಗೆ ಮಾಡಿದರೆ ವಿನೆಗರ್ ಆಗುವ ದಾರಿ.

ಚೆಲ್ಲಬೇಕಾದದ್ದು

ಮೇಲೆ ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ತುಪ್ಪಳದಂತೆ ಎದ್ದಿದ್ದರೆ ಎಲ್ಲವನ್ನೂ ಚೆಲ್ಲಿ. ಮೇಲ್ಪದರ ತೆಗೆದು ಕೆಳಗಿನದನ್ನು ಉಳಿಸುವ ಲೆಕ್ಕಾಚಾರ ಬೇಡ. ಬೆಳ್ಳಗೆ, ತೆಳ್ಳಗೆ, ಸುಕ್ಕುಗಟ್ಟಿದ ಕೆನೆ ಬೇರೆ. ಅದು ಗಾಳಿಗೆ ಬೆಳೆಯುವ ಇನ್ನೊಂದು ಜಾತಿಯ ಈಸ್ಟ್, ಅಪಾಯವಿಲ್ಲ, ರುಚಿ ಮಾತ್ರ ಮಂಕು. ತೆಗೆದು ಮುಂದುವರಿಸಿ. ವಿನೆಗರ್ ವಾಸನೆ ಗಾಢವಾಗಿದ್ದರೆ ಹಣ್ಣಿನ ನೊಣ ಒಳಗೆ ಹೋಗಿರಬಹುದು, ಇಲ್ಲವೇ ಗಾಳಿ ಜಾಸ್ತಿ ಸೇರಿರಬಹುದು. ಬಟ್ಟೆ ಇನ್ನೂ ಒತ್ತಾದ ನೇಯ್ಗೆಯದು ಬೇಕು. ಆ ಕಷಾಯ ಬಿಯರ್ ಆಗುವುದಿಲ್ಲ.

ಬಾಟಲಿಯಲ್ಲಿ ಗ್ಯಾಸ್ ಇಲ್ಲ

ಜಾಡಿಯಲ್ಲಿ ಎಲ್ಲ ಸರಿ ಇತ್ತು, ಬಾಟಲಿಗೆ ಹಾಕಿ ಮೂರು ದಿನ ಆದರೂ ಚಪ್ಪೆ. ಇಲ್ಲಿ ಈಸ್ಟನ್ನು ಅನುಮಾನಿಸುವ ಮುಂಚೆ ಮುಚ್ಚಳವನ್ನು ಅನುಮಾನಿಸಿ. ಬಾಟಲಿಯನ್ನು ತಲೆಕೆಳಗಾಗಿ ಬಕೆಟ್ ನೀರಲ್ಲಿ ಮುಳುಗಿಸಿ, ಹೊಟ್ಟೆ ಒತ್ತಿ. ಮುಚ್ಚಳದ ಅಂಚಿನಿಂದ ಸಣ್ಣ ಗುಳ್ಳೆ ಸಾಲಾಗಿ ಬಂದರೆ ಕಳ್ಳ ಸಿಕ್ಕಿದ. ಕುಡಿಯುವ ನೀರಿನ ಬಾಟಲಿ ಬಳಸಿದವರಿಗೆ ಇದು ಗ್ಯಾರಂಟಿ. ಆ ಬಾಟಲಿಯಾಗಲಿ ಮುಚ್ಚಳವಾಗಲಿ ಒತ್ತಡಕ್ಕೆ ಮಾಡಿದ್ದಲ್ಲ. ಸೋಡಾ, ಕೋಲಾ ತುಂಬಿ ಬಂದ ಪೆಟ್ ಬಾಟಲಿಯೇ ಬೇಕು, ಅದರದೇ ಮುಚ್ಚಳ ಬೇಕು, ಒಳಗಿನ ಸೀಲು ಸವೆದಿರಬಾರದು. ಗುಜರಿಯಿಂದ ತಂದ ಗಾಜಿನ ಬಾಟಲಿ, ಅಟ್ಟದ ಮೇಲಿನ ಹಳೇ ಗೋಲಿ ಸೋಡಾ ಬಾಟಲಿ ಚಂದ ಕಾಣುತ್ತವೆ, ಆದರೆ ಗಾಜು ಬೇಡ. ಯಾಕೆ ಅಂತ ಲೆಕ್ಕ ನೋಡಿ.

ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಚೆನ್ನಾಗಿ ಚುರುಗುಟ್ಟುವ ಸೋಡಾಕ್ಕೆ ಲೀಟರಿಗೆ ಮೂರೂವರೆ, ನಾಲ್ಕು ಲೀಟರ್ ಗ್ಯಾಸ್ ಸಾಕು. ಅಂದರೆ 15 ಗ್ರಾಂ ಸಕ್ಕರೆಯ ಕೆಲಸ. ನಾವು ಹಾಕಿದ್ದು 100 ಗ್ರಾಂ. ಜಾಡಿಯಲ್ಲಿ ಹತ್ತು ಗ್ರಾಂ ಖರ್ಚಾಗಿದ್ದರೂ ಬಾಟಲಿಯೊಳಗೆ ಇನ್ನೂ 90 ಗ್ರಾಂ ಕೂತಿದೆ. ಬೇಕಾದದ್ದಕ್ಕಿಂತ ಆರು ಪಟ್ಟು! ಗ್ಯಾಸ್ ಬರಲಿಲ್ಲ ಅಂತ ಬಾಟಲಿಗೆ ಸಕ್ಕರೆ ಹಾಕುವವರಿಗೆ ನಾನು ಹೇಳುವುದು ಇಷ್ಟೇ, ಮೊದಲು ಈ ಗುಣಾಕಾರ ಮಾಡಿ.

ಮುಚ್ಚಳ ಸರಿಯಿದ್ದರೂ ಗ್ಯಾಸ್ ಬರದಿದ್ದರೆ ಬಾಟಲಿ ಇಟ್ಟ ಜಾಗ ನೋಡಿ. ಕೆಂಪು ನೆಲದ ಮೇಲೆ ಇಟ್ಟದ್ದು ಮೇಜಿನ ಮೇಲಿಟ್ಟದ್ದಕ್ಕಿಂತ ಹಿಂದೆ ಬೀಳುತ್ತದೆ. ಜಾಡಿಯಲ್ಲಿ ಗಷ್ಟು ಪೂರ್ತಿ ಕೂರಲು ಬಿಟ್ಟು ಮೇಲಿನ ತಿಳಿ ಮಾತ್ರ ಬಾಟಲಿಗೆ ಹಾಕಿದ್ದರೆ ಈಸ್ಟ್ ತಳದಲ್ಲೇ ಉಳಿದಿರುತ್ತದೆ. ಬಾಟಲಿಗೆ ಒಂದು ಚಮಚ ಹೆಪ್ಪಿನ ನೀರು ಹಾಕಿ ಮುಚ್ಚಿ, ಬೆಚ್ಚಗಿಡಿ. ಮೇಲೆ ಎರಡು ಬೆರಳು ಜಾಗ ಖಾಲಿ ಇರಲಿ.

ದಿನಕ್ಕೆರಡು ಸಲ ಹೊಟ್ಟೆ ಹಿಂಡಿ ನೋಡುವುದೇ ಇಲ್ಲಿನ ಮೀಟರ್. ಹೆಬ್ಬೆರಳು ಒಳಗೆ ಹೋದರೆ ಇನ್ನೂ ಬೇಕು. ಕಲ್ಲಿನಂತೆ ಗಟ್ಟಿಯಾದರೆ ಆ ಕ್ಷಣವೇ ಫ್ರಿಜ್ಜಿಗೆ. ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದ ಸ್ಥಿತಿಗೆ ಬಂದಿದ್ದರೆ ಬಿಸಿಯಲ್ಲಿ ತೆರೆಯಬೇಡಿ. ಟವೆಲ್ ಸುತ್ತಿ ಎತ್ತಿ ಫ್ರಿಜ್ಜಿನಲ್ಲಿ ರಾತ್ರಿ ಕಳೆಯಲಿ. ತಣ್ಣಗಾದ ಮೇಲೆ ಸಿಂಕಿನಲ್ಲಿಟ್ಟು, ಮುಖ ಆಚೆ ಮಾಡಿ, ಮುಚ್ಚಳವನ್ನು ಕಾಲು ಸುತ್ತು ಬಿಚ್ಚುವುದು, ಬುಸ್ ಅಂದಾಗ ಬಿಗಿಯುವುದು, ಹೀಗೆ ನಾಲ್ಕಾರು ಸಲ. ಗ್ಯಾಸ್ ಬಿಟ್ಟರೂ ಒಳಗೆ ಸಕ್ಕರೆ ಇದ್ದೇ ಇದೆ. ಫ್ರಿಜ್ಜಿನಲ್ಲಿ ಈಸ್ಟ್ ಮಲಗಿರುತ್ತದೆ, ಸತ್ತಿರುವುದಿಲ್ಲ. ವಾರದೊಳಗೆ ಕುಡಿದು ಮುಗಿಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಾದರೆ, ಹೋದ ದಿನವೇ ಎಲ್ಲ ಬಾಟಲಿಯ ಮುಚ್ಚಳ ಒಮ್ಮೆ ಸಡಿಲಿಸಿ ಗ್ಯಾಸ್ ಬಿಡಿ.